ಹೊಟ್ಟೆ ಮಾತಾಡಲಿ ಎಂದು ಕಾದದ್ದು

ಫೆಬ್ರವರಿ 5, ಸೋಮವಾರ

ಆಫೀಸಿನ ಸೋರಿಕೆ ದಾಖಲೆ ಪುಸ್ತಕ ಒಂದು ಖಾಲಿ ಉಳಿದಿತ್ತು, ಮನೆಗೆ ತಂದಿದ್ದೇನೆ. ಪ್ರತಿ ಪುಟದಲ್ಲೂ ಸ್ಥಳ, ಸಮಯ, ಕೇಳಿದ ಸದ್ದು ಎಂದು ಮೂರು ಕಲಂ ಅಚ್ಚಾಗಿದೆ. ಇಪ್ಪತ್ತೇಳು ವರ್ಷ ಇದನ್ನೇ ತುಂಬಿಸಿದ ಕೈ ಇದು. ಆಸ್ಪತ್ರೆಯಲ್ಲಿ ಹದಿನೈದು ದಿನ ಸುಮ್ಮನಿರು ಎಂದರೆ ಇರಲಾರದು.

ಮೊದಲ ಪುಟದಲ್ಲಿ ಬರೆಯುವವನ ಹೆಸರು, ಕೆಲಸ ಇರಬೇಕೆಂಬುದು ಇಲಾಖೆಯ ನಿಯಮ. ಹೆಸರು ಬೇಡ, ಕಿವಿಯಣ್ಣ ಎಂದರೆ ನೀರು ಸರಬರಾಜಿನವರಿಗೆಲ್ಲ ಗೊತ್ತು. ಕೆಲಸ, ನೆಲದೊಳಗಿನ ಪೈಪುಗಳ ಸೋರಿಕೆ ಹುಡುಕುವುದು. ಕಬ್ಬಿಣದ ಕೋಲಿನ ಒಂದು ತುದಿ ರಸ್ತೆಗೆ, ಇನ್ನೊಂದು ತುದಿ ಕಿವಿಗೆ. ಪೈಪು ಎಲ್ಲಿ ಒಡೆದಿದೆಯೆಂದು ಒಂದು ಮೊಳ ಆಚೀಚೆ ಆಗದಂತೆ ಹೇಳುತ್ತೇನೆ. ಈಗ ಯಂತ್ರಗಳು ಬಂದಿವೆ. ಯಂತ್ರಕ್ಕೆ ಅನುಮಾನ ಬಂದರೆ ನನ್ನನ್ನೇ ಕರೆಯುತ್ತಾರೆ.

ಒಂದು ವರ್ಷದಿಂದ ಹೊಟ್ಟೆ ಉಬ್ಬರ. ಊಟವಾಗಿ ಎರಡು ಗಂಟೆಗೆ ಹೊಟ್ಟೆ ಗಾಳಿ ತುಂಬಿದ ಚೆಂಡಿನಂತಾಗುತ್ತದೆ. ಕಾರಣ ನನಗೆ ಗೊತ್ತೇ ಇತ್ತು: ಹೆಂಡತಿಯ ಕಾಳಿನ ಅಡುಗೆ. ಇವಳು ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ಅಡುಗೆಯವರಿಗೆಲ್ಲ ಮುಖ್ಯಸ್ಥೆ. ಅಲ್ಲಿ ಮುನ್ನೂರು ಜನಕ್ಕೆ ಮಾಡುವುದನ್ನೇ ಇಲ್ಲಿ ಇಬ್ಬರಿಗೂ ಮಾಡುತ್ತಿದ್ದಳು. ‘ನನ್ನ ಹೊಟ್ಟೆಗೆ ಗಾಳಿ ತುಂಬ್ತಿರೋದೇ ನೀನು’ ಎಂದು ಭಾವಮೈದುನನ ಎದುರಿಗೇ ಹೇಳಿದ್ದೆ. ಆಮೇಲೆ ಹತ್ತು ತಿಂಗಳು ಮನೆಯಲ್ಲಿ ಕಾಳು ಬೇಯಲಿಲ್ಲ. ಎಲೆಕೋಸು ಹೋಯಿತು, ಈರುಳ್ಳಿ ಹೋಯಿತು, ಹಾಲೂ ಹೋಯಿತು. ಉಬ್ಬರ ಮಾತ್ರ ಹೋಗಲಿಲ್ಲ. ಹಿಂದಿನ ವಾರ ರಸ್ತೆಯಲ್ಲಿ ಕೋಲು ಹಿಡಿದು ನಿಂತವನು ಹಾಗೆಯೇ ಮುದುಡಿ ಕುಳಿತೆ. ಸ್ಕ್ಯಾನ್ ಆಯಿತು. ನಾಳೆ ಸೇರಬೇಕಂತೆ.

ಗ್ಯಾಸಿಗೆ ಯಾರಾದರೂ ಹೊಟ್ಟೆ ಕೊಯ್ಯುತ್ತಾರೆಯೇ?

ಇವಳು ಸಂಜೆಯಿಂದ ಏನೋ ಹೇಳುತ್ತಲೇ ಇದ್ದಾಳೆ. ಚೀಲದಲ್ಲಿ ಏನೇನು ಇಟ್ಟಿದ್ದಾಳೆ ಎಂಬುದಿರಬೇಕು.

ಫೆಬ್ರವರಿ 6, ಮಂಗಳವಾರ

ವಾರ್ಡಿನಲ್ಲಿ ಎಂಟು ಹಾಸಿಗೆ. ನನ್ನದು ಕಿಟಕಿಯ ಪಕ್ಕದ್ದು. ಕಿಟಕಿಯಾಚೆ ಒಗೆದ ಬಟ್ಟೆಯ ಗಾಡಿಗಳು ಹೋಗುತ್ತವೆ, ಒಂದರ ಚಕ್ರಕ್ಕೆ ಎಣ್ಣೆ ಬೇಕು.

ಆಪರೇಷನ್ ಮಾಡುವ ಡಾಕ್ಟರು ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರು. ಕಾಗದದ ಮೇಲೆ ಕರುಳಿನ ಚಿತ್ರ ಬರೆದು ತೋರಿಸಿದರು. ದೊಡ್ಡ ಕರುಳಿನ ಎಡಭಾಗದಲ್ಲಿ ಗಂಟು ಬೆಳೆದಿದೆ. ಎರಡು ಬೆರಳು ಹೋಗುವಷ್ಟು ಜಾಗದಲ್ಲಿ ಈಗ ಪೆನ್ಸಿಲ್ ಹೋಗುವುದೂ ಕಷ್ಟ. ಅದನ್ನು ಕತ್ತರಿಸಿ ಎರಡು ತುದಿ ಜೋಡಿಸುತ್ತಾರೆ. ಗಂಟು ಎಂಥದ್ದೆಂದು ಪರೀಕ್ಷೆಗೆ ಕಳಿಸಿದ ಮೇಲೆ ತಿಳಿಯುವುದು.

ಇವಳು ಕೇಳಿದಳು, ‘ಕಾಳು ತಿಂದಿದ್ದಕ್ಕೆ ಹೀಗಾಯ್ತಾ ಡಾಕ್ಟ್ರೇ?’

‘ಯಾರಮ್ಮ ಹಾಗಂದಿದ್ದು? ಕಾಳು ತಿಂದ್ರೆ ಗ್ಯಾಸ್ ಆಗುತ್ತೆ, ಎಲ್ಲರಿಗೂ ಆಗುತ್ತೆ. ಇವರಿಗೆ ಅದು ಆಚೆ ಹೋಗೋಕೆ ದಾರಿ ಇರ್ಲಿಲ್ಲ. ಅಷ್ಟೇ. ನಿಮ್ಮ ಅಡುಗೆ ಏನೂ ತಪ್ಪು ಮಾಡಿಲ್ಲ.’

ಇವಳು ನೀರು ತರುತ್ತೇನೆಂದು ಹೊರಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ನಲ್ಲಿ ಅಷ್ಟು ದೂರವೇನಿಲ್ಲ.

ಫೆಬ್ರವರಿ 8, ಗುರುವಾರ

ನಿನ್ನೆ ಆಯಿತಂತೆ. ಮೂಗಿನಲ್ಲಿ ನಳಿಗೆ. ಬಾಯಿ ಒಣಗಿದೆ. ಪೆನ್ನು ಭಾರ.

ಫೆಬ್ರವರಿ 9, ಶುಕ್ರವಾರ

ಮೂಗಿನ ನಳಿಗೆ ತೆಗೆದರು. ಕೂರಬಹುದು. ಕೆಮ್ಮಬಾರದು.

ಬೆಳಿಗ್ಗೆ ಹಿರಿಯ ಸಿಸ್ಟರ್ ಬಂದು ಸ್ಟೆತಾಸ್ಕೋಪನ್ನು ನನ್ನ ಹೊಟ್ಟೆಯ ನಾಲ್ಕು ಮೂಲೆಗೂ ಇಟ್ಟರು. ಒಂದೊಂದು ಮೂಲೆಗೂ ಕಣ್ಣು ಮುಚ್ಚಿ ಕಾದರು. ಇಪ್ಪತ್ತೇಳು ವರ್ಷ ನಾನು ಹೀಗೆಯೇ ಕಣ್ಣು ಮುಚ್ಚಿದ್ದೇನೆ, ಇನ್ನೊಬ್ಬರು ಮುಚ್ಚುವುದನ್ನು ನೋಡಿದ್ದು ಇದೇ ಮೊದಲು.

‘ಏನ್ ಕೇಳಿಸ್ತು?’

‘ಏನೂ ಇಲ್ಲ.’

‘ನಾನೊಂದು ಸಲ ಕೇಳ್ಲಾ? ಕೇಳೋದೇ ನನ್ನ ಹೊಟ್ಟೆಪಾಡು.’

ಸಿಸ್ಟರ್ ನಕ್ಕು ಅದನ್ನು ನನ್ನ ಕಿವಿಗೆ ಸಿಕ್ಕಿಸಿದರು. ದೂರದಲ್ಲಿ ಎದೆಬಡಿತ ಕೇಳಿಸಿತು. ಉಸಿರು ಕೇಳಿಸಿತು. ಅದರ ಕೆಳಗೆ ಏನೂ ಇರಲಿಲ್ಲ. ವಾಲ್ವ್ ಮುಚ್ಚಿದ ಲೈನಿಗೆ ಕೋಲು ಇಟ್ಟರೆ ಹೀಗೆಯೇ ಇರುತ್ತದೆ. ಎಷ್ಟೋ ಸಲ ಆ ಮೌನ ಕೇಳಿ, ‘ಬಂದ್ ಆಗಿದೆ’ ಎಂದು ಬರೆದು ಮನೆಗೆ ಬಂದಿದ್ದೇನೆ. ಆ ಪೈಪುಗಳು ಯಾವುವೂ ನಾನಾಗಿರಲಿಲ್ಲ.

‘ಕರುಳನ್ನ ಕೈಯಲ್ಲಿ ಹಿಡಿದು ಎಳೆದಾಡಿದ್ದೀವಲ್ಲ, ಮುನಿಸ್ಕೊಂಡಿದೆ,’ ಎಂದರು ಸಿಸ್ಟರ್. ‘ಎರಡು ಮೂರು ದಿನಕ್ಕೆ ತಾನಾಗೇ ಏಳುತ್ತೆ. ಎದ್ದಿದ್ದಕ್ಕೆ ಗುರುತು ಒಂದೇ. ಗ್ಯಾಸ್ ಹೋಗ್ಬೇಕು. ಅಲ್ಲಿವರೆಗೂ ಊಟ ಇಲ್ಲ, ನೀರೂ ಗುಟುಕು ಲೆಕ್ಕ. ಹೋದ ತಕ್ಷಣ ನಂಗೆ ಹೇಳಿ, ನಾಚ್ಕೋಬೇಡಿ.’

ಐವತ್ನಾಲ್ಕು ವರ್ಷದವನಿಗೆ ಇನ್ನು ಇದೊಂದು ಬಾಕಿಯಿತ್ತು. ನಮ್ಮ ಮನೆಯಲ್ಲಿ ಆ ಪದವನ್ನೇ ಎತ್ತುವಂತಿರಲಿಲ್ಲ. ಮಗಳು ಚಿಕ್ಕವಳಿದ್ದಾಗ ಊಟದ ಹೊತ್ತಿನಲ್ಲಿ ಒಂದು ಸಲ ಸದ್ದು ಮಾಡಿದ್ದಕ್ಕೆ ತಟ್ಟೆ ಎತ್ತಿಕೊಂಡು ಹೊರಗೆ ಹೋಗೆಂದಿದ್ದೆ.

ಫೆಬ್ರವರಿ 10, ಶನಿವಾರ

ಪಕ್ಕದ ಹಾಸಿಗೆಯವರು ಬಸ್ ಡ್ರೈವರ್. ನನಗಾದ ದಿನವೇ ಅವರಿಗೂ ಆಪರೇಷನ್ ಆಗಿತ್ತು. ಇವತ್ತು ಹತ್ತೂವರೆಗೆ ಅವರಿಗೆ ‘ಅದು’ ಆಯಿತು. ಮುಚ್ಚುಮರೆಯಿಲ್ಲ. ಕಿಟಕಿಯ ಗಾಜು ಅದುರಲಿಲ್ಲ ಅಷ್ಟೆ.

‘ಹಾರ್ನ್ ಹೊಡೀತು ಸಿಸ್ಟರ್! ಇನ್ನು ಗಾಡಿ ಬಿಡಬಹುದಾ?’ ಎಂದು ಕೂಗಿದರು.

ವಾರ್ಡಿಗೆ ವಾರ್ಡೇ ನಕ್ಕಿತು. ಹೊಟ್ಟೆ ಹುಣ್ಣಾಗುವ ಹಾಗೆ ನಗುವುದು ಎನ್ನುತ್ತಾರಲ್ಲ, ಹುಣ್ಣು ಮೊದಲೇ ಇರುವವರು ನಕ್ಕರೆ ಏನಾಗುತ್ತದೆಂದು ತಿಳಿಯಿತು. ಹೊಲಿಗೆ ಹಿಡಿದುಕೊಂಡು ನಕ್ಕೆ. ಅವರ ಹೆಂಡತಿ ಕಣ್ಣೊರೆಸಿಕೊಂಡು ಯಾರಿಗೋ ಫೋನ್ ಮಾಡಿ, ‘ಆಯ್ತಂತೆ, ಹ್ಞೂಂ, ಜೋರಾಗೇ ಆಯ್ತು’ ಎಂದು ಹೇಳುತ್ತಿದ್ದರು. ಮಧ್ಯಾಹ್ನ ಅವರಿಗೆ ಗಂಜಿ ಬಂತು.

ನನ್ನ ಹೊಟ್ಟೆಯಲ್ಲಿ ಬೇರೇನೂ ಇಲ್ಲ, ಕಿಚ್ಚಿಗೆ ಮಾತ್ರ ಜಾಗವಿದೆ.

ಫೆಬ್ರವರಿ 11, ಭಾನುವಾರ

ಬೆಳಿಗ್ಗೆ ಹಸಿರು ವಾಂತಿ. ಮತ್ತೆ ಮೂಗಿಗೆ ನಳಿಗೆ ಹಾಕಿದರು. ಹೊಟ್ಟೆ ಬಿಗಿದಿದೆ. ಒಳಗೆ ಗಾಳಿ ಇದೆ, ಆದರೆ ಅದನ್ನು ತಳ್ಳುವವರು ಯಾರೂ ಇಲ್ಲ.

ಡಾಕ್ಟರು ಬಂದು ನಿಂತೇ ಮಾತಾಡಿದರು. ‘ನಾಳೆ ಸಂಜೆವರೆಗೂ ನೋಡೋಣ. ಆಮೇಲೆ ಸ್ಕ್ಯಾನ್. ಜೋಡಿಸಿದ ಜಾಗದಲ್ಲಿ ಏನಾದ್ರೂ ತೊಂದರೆ ಇದ್ರೆ ಮತ್ತೆ ಹೊಟ್ಟೆ ತೆಗೀಬೇಕಾಗಬಹುದು.’

ಮತ್ತೆ ತೆಗೆದರೆ ಏಳುತ್ತೇನೆಂದು ನನಗೆ ಅನ್ನಿಸುತ್ತಿಲ್ಲ. ಇದನ್ನು ಇವಳಿಗೆ ಹೇಳಲಿಲ್ಲ.

ಇವಳು ಕ್ಯಾಂಟೀನಿಗೆ ರಜೆ ಹಾಕಿ ಸ್ಟೂಲಿನ ಮೇಲೆ ಕುಳಿತಿದ್ದಳು. ‘ಏನಾದ್ರೂ ಮಾತಾಡು’ ಎಂದೆ. ನನ್ನನ್ನು ಒಂಥರಾ ನೋಡಿದಳು. ‘ಏನ್ ಮಾತಾಡ್ಲಿ?’ ‘ಏನಾದ್ರೂ.’

ಅವಳು ಹೇಳಿದ್ದನ್ನು ಇದ್ದಂತೆ ಬರೆಯುತ್ತೇನೆ. ‘ನಮ್ಮಲ್ಲಿ ದಿನಾ ಹದಿನೆಂಟು ಕೆಜಿ ಕಾಳು ನೆನೆಹಾಕ್ತೀವಿ. ಎರಡು ಟಬ್ಬು. ಬೆಳಿಗ್ಗೆ ನಾನು ಹೋದ ತಕ್ಷಣ ಮೊದಲು ಮುಚ್ಚಳ ತೆಗೀತೀನಿ. ಮೇಲೆ ಸಣ್ಣಗೆ ನೊರೆ ಬಂದಿರುತ್ತೆ. ಕಿವಿ ಹತ್ರ ಇಟ್ರೆ ಚಿಟಿಚಿಟಿ ಅಂತಿರುತ್ತೆ. ಕಾಳು ನೀರು ಕುಡಿಯೋ ಸದ್ದು. ಸದ್ದು ನಿಂತಿದ್ರೆ ಸಾಕಷ್ಟು ನೆಂದಿದೆ ಅಂತ ಅರ್ಥ. ಆ ನೀರು ಚೆಲ್ಲಿ, ಹೊಸ ನೀರು ಹಾಕಿ ಬೇಯಿಸ್ತೀನಿ. ಹಾಗ್ ಮಾಡಿದ್ರೆ ಗ್ಯಾಸ್ ಕಮ್ಮಿ. ಹೊಸ ಹುಡುಗಿಯರು ಕೈಯಲ್ಲಿ ಹಿಸುಕಿ ನೋಡ್ತಾರೆ, ನಾನು ಕೇಳಿನೇ ಹೇಳ್ತೀನಿ.’

‘ಇಷ್ಟು ವರ್ಷದಲ್ಲಿ ಇದನ್ನ ನೀನು ನನಗೆ ಹೇಳೇ ಇಲ್ಲ’ ಎಂದೆ.

‘ಹೇಳಿದ್ದೆ’ ಎಂದಳು.

ಫೆಬ್ರವರಿ 12, ಸೋಮವಾರ

ಬಂತು.

ಮೊದಲಿನಿಂದ ಬರೆಯುತ್ತೇನೆ.

ನಡೆದರೆ ಕರುಳು ಏಳುತ್ತದೆಂದು ಸಿಸ್ಟರ್ ಬೆಳಿಗ್ಗೆಯಿಂದ ಮೂರು ಸಲ ಓಡಾಡಿಸಿದ್ದರು. ನಾಲ್ಕನೆಯ ಸಲ ಮಧ್ಯಾಹ್ನ ಮೂರು ಗಂಟೆಗೆ ಇವಳೇ ಕರೆದುಕೊಂಡು ಹೋದಳು. ಒಂದು ಕೈಯಲ್ಲಿ ಸಲೈನ್ ಕಂಬ, ಇನ್ನೊಂದು ಕೈ ಇವಳ ಹೆಗಲ ಮೇಲೆ. ವಾರ್ಡಿನ ಬಾಗಿಲಿನಿಂದ ಲಿಫ್ಟಿನವರೆಗೆ ಐವತ್ತೆರಡು ಹೆಜ್ಜೆ. ಮೂವತ್ತನೆಯ ಹೆಜ್ಜೆಗೆ ಒಳಗೆ ಬಲಗಡೆ ಏನೋ ಹೊರಳಿತು.

ನಿಂತೆ.

‘ನೋವಾ?’

‘ಶ್!’

ಗೊಳಕ್. ಆಮೇಲೆ ಸುಮ್ಮನಾಯಿತು. ಮತ್ತೆ ಗೊಳ್, ಗೊಳ್, ಗೊಳ್ ಎಂದು ಬಲಗಡೆಯಿಂದ ಮೇಲಕ್ಕೆ ಹತ್ತಿ, ಪಕ್ಕೆಲುಬಿನ ಕೆಳಗೆ ಅಡ್ಡ ಹಾದು, ಎಡಕ್ಕೆ ಇಳಿಯತೊಡಗಿತು. ಡಾಕ್ಟರು ಕಾಗದದಲ್ಲಿ ಬರೆದಿದ್ದ ದಾರಿ ಅದೇ. ಕಣ್ಣು ಮುಚ್ಚಿದರೆ ಅದು ಎಲ್ಲಿದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ನಾನು ಹೇಳಿ ಮಾಡಿಸಿದ್ದಲ್ಲ. ನನ್ನನ್ನು ಯಾರೂ ಕೇಳಲೂ ಇಲ್ಲ. ಐದು ದಿನ ಸತ್ತಂತೆ ಬಿದ್ದಿದ್ದದ್ದು ತಾನಾಗಿ ಎದ್ದು, ತನ್ನ ಕೆಲಸವನ್ನು ತಾನೇ ನೆನಪಿಸಿಕೊಂಡು ಮಾಡುತ್ತಿತ್ತು. ಹುಟ್ಟಿದಾಗಿನಿಂದ ದಿನವೂ ಹೀಗೆ ಮಾಡುತ್ತಿದ್ದಿರಬೇಕು. ನಾನು ಒಂದು ದಿನವೂ ಕೋಲಿಟ್ಟು ಕೇಳಿರಲಿಲ್ಲ.

ಹೊಲಿಗೆ ಹಾಕಿದ ಜಾಗಕ್ಕೆ ಬಂದು ನಿಂತಿತು. ಉಸಿರು ಹಿಡಿದೆ. ಇವಳೂ ಹಿಡಿದಿದ್ದಳು.

ದಾಟಿತು.

ಉಳಿದ ಇಪ್ಪತ್ತೆರಡು ಹೆಜ್ಜೆ ನಡೆದೆವು. ಲಿಫ್ಟಿನ ಮುಂದೆ ಆರೇಳು ಜನ ನಿಂತಿದ್ದರು. ಅವರ ನಡುವೆಯೇ ನಾನು ಹೂಸಿದೆ. ಉದ್ದವಾಗಿ, ತಡೆತಡೆದು, ಕೊನೆಯಲ್ಲಿ ಪ್ರಶ್ನೆ ಕೇಳಿದ ಹಾಗೆ ಸದ್ದು ಏರಿಸಿ. ಥರ್ಮಾಸ್ ಹಿಡಿದ ಒಬ್ಬ ಹೆಂಗಸು ಮುಖ ಆ ಕಡೆ ತಿರುಗಿಸಿದಳು. ಇವಳು ‘ಬಂತು! ಸಿಸ್ಟರ್, ಬಂತು!’ ಎಂದು ಐವತ್ತೆರಡು ಹೆಜ್ಜೆ ದೂರಕ್ಕೆ ಕೇಳಿಸುವಂತೆ ಕೂಗಿದಳು. ಕೂಗಿ, ಅಲ್ಲಿಯೇ ಗೋಡೆಗೆ ಒರಗಿ ಅತ್ತಳು. ವಾರ್ಡಿನ ಒಳಗಿನಿಂದ ಡ್ರೈವರ್ ಚಪ್ಪಾಳೆ ತಟ್ಟಿದ್ದು ಕೇಳಿಸಿತು.

ಹೊಸ ಬಡಾವಣೆಯ ಲೈನಿಗೆ ಮೊದಲ ಸಲ ನೀರು ಬಿಟ್ಟಾಗ ನಲ್ಲಿಯಲ್ಲಿ ಮೊದಲು ಬರುವುದು ನೀರಲ್ಲ, ಗಾಳಿ. ಬುಸ್ ಎಂದು ಉಗುಳುತ್ತದೆ. ಬಿಂದಿಗೆ ಹಿಡಿದು ನಿಂತವರು ಯಾರೂ ಮುಖ ಸಿಂಡರಿಸುವುದಿಲ್ಲ. ನಗುತ್ತಾರೆ. ನೀರು ದಾರಿಯಲ್ಲಿದೆ ಎಂದು ಅವರಿಗೆ ಗೊತ್ತು.

ಸಿಸ್ಟರ್ ಸಂಜೆ ಮತ್ತೆ ಕಿವಿಗೆ ಸ್ಟೆತಾಸ್ಕೋಪ್ ಕೊಟ್ಟರು. ಒಳಗೆ ಸಂತೆ ನೆರೆದಿತ್ತು. ವಾಪಸು ಕೊಡಲು ನನಗೆ ಮನಸ್ಸಾಗಲಿಲ್ಲ. ಇವಳಿಗೂ ಕೇಳಿಸಿದೆ.

ಫೆಬ್ರವರಿ 13, ಮಂಗಳವಾರ

ನಳಿಗೆ ತೆಗೆದರು. ಆರು ಚಮಚ ತಿಳಿಗಂಜಿ. ಸ್ಕ್ಯಾನ್ ಬೇಡವಂತೆ.

ಡಾಕ್ಟರು ಇವತ್ತು ಕುಳಿತುಕೊಂಡರು. ನನ್ನ ತಲೆಯಲ್ಲಿ ಒಂದು ಪ್ರಶ್ನೆ ಕೊರೆಯುತ್ತಿತ್ತು. ‘ಡಾಕ್ಟ್ರೇ, ಆರು ದಿನದಿಂದ ನಾನು ಏನೂ ತಿಂದಿಲ್ಲ. ಹಾಗಾದ್ರೆ ಆ ಗಾಳಿ ಎಲ್ಲಿಂದ ಬಂತು?’

ಅವರು ಖುಷಿಯಾದರು. ‘ಯಾರೂ ಕೇಳಲ್ಲ ಇದನ್ನ. ಸ್ವಲ್ಪ ನೀವು ನುಂಗಿದ ಗಾಳಿ. ಉಳಿದಿದ್ದು ನಿಮ್ಮದಲ್ಲ.’

‘ನನ್ನದಲ್ಲ ಅಂದ್ರೆ?’

‘ನಿಮ್ಮ ಬಾಡಿಗೆಯವರದು.’

ಆಮೇಲೆ ಹೇಳಿದ್ದನ್ನು ನನಗೆ ಅರ್ಥವಾದಷ್ಟು ಬರೆದಿಡುತ್ತೇನೆ. ದೊಡ್ಡ ಕರುಳಿನಲ್ಲಿ ಕಣ್ಣಿಗೆ ಕಾಣದ ಜೀವಿಗಳಿವೆ. ಸಾವಿರವಲ್ಲ, ಕೋಟಿಯಲ್ಲ. ನನ್ನ ಮೈಯಲ್ಲಿ ಎಷ್ಟು ಜೀವಕೋಶಗಳಿವೆಯೋ ಹೆಚ್ಚುಕಡಿಮೆ ಅಷ್ಟು. ಕಾಳಿನಲ್ಲಿ ಒಂದು ಬಗೆಯ ಸಕ್ಕರೆ ಇದೆ. ಅದನ್ನು ಒಡೆಯುವ ಕತ್ತರಿ ಮನುಷ್ಯನ ಹೊಟ್ಟೆಯಲ್ಲಿ ಇಲ್ಲವೇ ಇಲ್ಲ. ಯಾರಲ್ಲೂ ಇಲ್ಲ. ಹೀಗಾಗಿ ಅದು ಇಪ್ಪತ್ತಡಿ ಸಣ್ಣ ಕರುಳನ್ನು ಹೇಗಿತ್ತೋ ಹಾಗೆಯೇ ದಾಟಿ ಕೆಳಗೆ ಇಳಿಯುತ್ತದೆ. ಅಲ್ಲಿ ಇವರು ಕಾದಿರುತ್ತಾರೆ. ನಮಗೆ ಆಗದ್ದು ಅವರಿಗೆ ಹಬ್ಬದೂಟ. ಉಣ್ಣುತ್ತಾರೆ, ಉಸಿರು ಬಿಡುತ್ತಾರೆ. ಆ ಉಸಿರೇ ಗ್ಯಾಸ್. ಎಲೆಕೋಸು, ಈರುಳ್ಳಿಯ ಕಥೆಯೂ ಸುಮಾರು ಇದೇ. ಆ ಗ್ಯಾಸಿನ ನೂರು ಪಾಲಿನಲ್ಲಿ ತೊಂಬತ್ತೊಂಬತ್ತಕ್ಕೆ ವಾಸನೆಯೇ ಇಲ್ಲ. ಇಷ್ಟೆಲ್ಲ ಕೆಟ್ಟ ಹೆಸರು ಬಂದಿರುವುದು ಉಳಿದ ಒಂದು ಪಾಲಿನಿಂದ.

‘ಮತ್ತೆ ನಾನು ಉಪವಾಸ ಇದ್ದಾಗ?’

‘ಕರುಳಿನ ಒಳಗೋಡೆಯ ಲೋಳೆ ತಿಂದು ಬದುಕ್ತವೆ. ನಿಮ್ಮನ್ನೇ ಸ್ವಲ್ಪ ತಿಂದು, ನಿಮಗೋಸ್ಕರ ಕಾದಿದ್ವು.’

‘ಅವು ಒಳಗೆ ಬಂದಿದ್ದು ಯಾವಾಗ?’

‘ಹುಟ್ಟೋವಾಗ. ಮೊದಲನೇ ಗುಂಪು ತಾಯಿಯಿಂದಲೇ ಬರುತ್ತೆ. ಆಮೇಲೆ ಎಷ್ಟೋ ಬರ್ತವೆ, ಹೋಗ್ತವೆ. ಕೆಲವು ವಂಶ ಬಹಳ ಕಾಲ ಉಳ್ಕೋಬಹುದು.’

ನನ್ನ ಅವ್ವ ತೀರಿಕೊಂಡು ಹತ್ತೊಂಬತ್ತು ವರ್ಷವಾಯಿತು. ಅವಳದು ಅಂತ ನನ್ನಲ್ಲಿ ಒಂದು ಫೋಟೊ ಇದೆ, ಒಂದು ತಾಮ್ರದ ತಂಬಿಗೆ ಇದೆ, ಅಷ್ಟೇ ಅಂದುಕೊಂಡಿದ್ದೆ. ಬಟ್ಟೆ ಗಾಡಿ ಹೋಯಿತು. ಊಟದ ಗಾಡಿ ಬಂತು. ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡು ಮಲಗಿದ್ದೆ. ಐವತ್ನಾಲ್ಕು ವರ್ಷ ಒಬ್ಬನೇ ಇದ್ದೇನೆ ಅಂದುಕೊಂಡಿದ್ದ ಮನೆ ಇದು.

ಫೆಬ್ರವರಿ 16, ಶುಕ್ರವಾರ

ಮನೆಗೆ ಬಂದೆ. ಡ್ರೈವರ್ ನಿನ್ನೆಯೇ ಹೋಗಿದ್ದರು. ಹೋಗುವಾಗ, ‘ಅಣ್ಣಾ, ಏರ್ ಲಾಕ್ ಆದ್ರೆ ಫೋನ್ ಮಾಡಿ, ಬಂದು ಹಾರ್ನ್ ಹೊಡೀತೀನಿ’ ಎಂದರು.

ಮೆಟ್ಟಿಲು ಹನ್ನೊಂದು. ನಾಲ್ಕನೆಯದರ ಮೇಲೆ ಕೂತೆ.

ಫೆಬ್ರವರಿ 20, ಮಂಗಳವಾರ

ಗಂಟಿನ ವರದಿ ಬಂತು. ಕೆಟ್ಟದ್ದೇ. ಆದರೆ ಕರುಳಿನ ಗೋಡೆ ದಾಟಿರಲಿಲ್ಲ, ಸುತ್ತಲಿನ ಗ್ರಂಥಿಗಳಲ್ಲಿ ಏನೂ ಇಲ್ಲ. ಗಂಟು ಪೂರ್ತಿ ಹೊರಗೆ ಬಂದಿದೆ ಎಂದರು ಡಾಕ್ಟರು. ಔಷಧಿಯ ಚಿಕಿತ್ಸೆ ಬೇಡ. ಹೇಳಿದಾಗಲೆಲ್ಲ ಬಂದು ತೋರಿಸಬೇಕು, ಐದು ವರ್ಷ ತಪ್ಪಿಸುವಂತಿಲ್ಲ.

‘ಒಂದು ವರ್ಷದಿಂದ ಉಬ್ಬರ ಅಂತಿದ್ರಿ. ಆಗಲೇ ಬಂದಿದ್ರೆ ಇನ್ನೂ ಸಣ್ಣದಿರ್ತಿತ್ತು. ಇನ್ನೂ ಆರು ತಿಂಗಳು ಬಿಟ್ಟಿದ್ರೆ ಮಾತು ಬೇರೆ ಇತ್ತು.’

‘ಆಸ್ಪತ್ರೆಗೆ ಬನ್ನಿ ಅಂತ ಇವಳು ಹೇಳ್ತಾನೇ ಇದ್ದಳು’ ಎಂದೆ. ಹೌದು, ಹೇಳಿದ್ದಳು. ಮಾತು ಬಾಯಿಂದ ಬಂದ ಮೇಲೆ ನೆನಪಾಯಿತು. ಬೇಸಗೆಯಲ್ಲಿ ಒಂದು ಸಲ, ಮಗಳು ಬಂದಿದ್ದಾಗ ಒಂದು ಸಲ, ಬಟ್ಟೆ ಒಣಹಾಕುತ್ತಾ ಒಂದು ಸಲ.

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಇವಳು ಕುಳಿತಿದ್ದಳು. ನಾನು ಮುಂದಿನ ಸೀಟಿನ ಕಂಬಿ ನೋಡುತ್ತಾ ಹೇಳಿದೆ, ‘ತಪ್ಪನ್ನ ನಿನ್ನ ಅಡುಗೆ ಮೇಲೆ ಹಾಕ್ದೆ. ವರ್ಷ ಪೂರ್ತಿ. ಜನರ ಮುಂದೆ ಬೇರೆ. ಹೊಟ್ಟೆಗೆ ಹಾಕ್ಕೋ.’

‘ಹಾಕ್ಕೊಂಡು ಹಾಕ್ಕೊಂಡು ನನ್ನ ಹೊಟ್ಟೆನೂ ಉಬ್ಬಿದೆ’ ಎಂದಳು.

ತಮಾಷೆಗೆಂದು ನಾನು ನಕ್ಕೆ. ಇವಳು ನಗಲಿಲ್ಲ. ಎರಡು ಸ್ಟಾಪ್ ದಾಟಿದ ಮೇಲೆ ಹೇಳಿದಳು, ‘ಕ್ಯಾಂಟೀನಲ್ಲಿ ಮುನ್ನೂರು ಜನಕ್ಕೆ ಬಡಿಸೋವಾಗ ದಿನಾ ಅನ್ಕೊಳ್ತಿದ್ದೆ, ಇವರಲ್ಲಿ ಯಾರಿಗೆ ನನ್ನಿಂದ ಹೊಟ್ಟೆ ಕೆಡ್ತಿದೆಯೋ ಅಂತ. ಕಾಳು ಅರ್ಧ ಸೌಟು ಕಮ್ಮಿನೇ ಹಾಕ್ತಿದ್ದೆ.’

ನನಗೆ ಗೊತ್ತಿರಲಿಲ್ಲ ಎಂದು ಬರೆಯಲು ಹೋದೆ. ಗೊತ್ತು ಮಾಡಿಕೊಂಡಿರಲಿಲ್ಲ.

ಫೆಬ್ರವರಿ 28, ಬುಧವಾರ

ಒಂದೊಂದಾಗಿ ಊಟ ಸೇರಿಸುತ್ತಿದ್ದೇವೆ. ದಾಖಲೆ ಇಡುತ್ತಿದ್ದೇನೆ.

ಅರ್ಧ ಲೋಟ ಹಾಲು, ಬೆಳಿಗ್ಗೆ ಎಂಟು. ಹತ್ತು ಗಂಟೆಗೆ ಗುಡುಗುಡು. ಹತ್ತೂಕಾಲಿಗೆ ಹೂಸು, ಎರಡು. ಹಾಲಿನ ಸಕ್ಕರೆ ಒಡೆಯುವ ಕತ್ತರಿ ನನ್ನಲ್ಲಿ ಮೊಂಡಾಗಿದೆ ಎಂದಾಯಿತು.

ಅದೇ ಹಾಲಿನ ಮೊಸರು, ಮಾರನೆಯ ದಿನ. ಏನೂ ಇಲ್ಲ. ಇವಳು ಹೇಳಿದಳು, ‘ಮೊಸರಲ್ಲಿ ಆ ಸಕ್ಕರೆನ ಪಾತ್ರೆಯಲ್ಲೇ ಅರ್ಧ ತಿಂದು ಮುಗಿಸಿರ್ತವೆ. ಒಳಗಿರೋವಕ್ಕೆ ಹೆಚ್ಚೇನೂ ಉಳಿಯಲ್ಲ.’ ಎಲ್ಲಿ ಕಲಿತೆ ಎಂದೆ. ಕ್ಯಾಂಟೀನಿನಲ್ಲಿ ಮೊಸರು ಹಾಕಿದ ದಿನ ಯಾರೂ ದೂರಲಿಲ್ಲ, ಅದರಿಂದ ಎಂದಳು.

ಬೆಂದ ಆಲೂಗಡ್ಡೆ, ಬಿಸಿಯದು: ಒಂದು. ಅದನ್ನೇ ತಣ್ಣಗಾದ ಮೇಲೆ ತಿಂದರೆ: ಮೂರು. ಕಾರಣ ಕೇಳಬೇಕು.

ಮಾರ್ಚ್ 6, ಬುಧವಾರ

ಆಸ್ಪತ್ರೆಯ ಆಹಾರ ತಜ್ಞೆಗೆ ನನ್ನ ದಾಖಲೆ ಪುಸ್ತಕ ತೋರಿಸಿದೆವು. ‘ಕೇಳಿದ ಸದ್ದು’ ಕಲಂ ಓದಿ ಆಕೆ ಮೇಜಿನ ಮೇಲೆ ತಲೆಯಿಟ್ಟು ನಕ್ಕಳು. ಆಮೇಲೆ ಗಂಭೀರವಾಗಿ ಎಲ್ಲವನ್ನೂ ನೋಡಿದಳು. ಆಲೂಗಡ್ಡೆ ತಣ್ಣಗಾದರೆ ಅದರ ಪಿಷ್ಟ ಗಟ್ಟಿಯಾಗಿ ನಮಗೆ ಜೀರ್ಣವಾಗುವುದಿಲ್ಲವಂತೆ, ಅದೂ ಕೆಳಗಿನವರ ಪಾಲು. ದಿನಕ್ಕೆ ಹತ್ತಿಪ್ಪತ್ತು ಸಲ ಹೋದರೂ ಸಹಜವೇ. ರಾಜನಾದರೂ, ಮದುಮಗಳಾದರೂ.

ಆಕೆ ಹೇಳಿದ ಎರಡು ಸಂಗತಿಗಳನ್ನು ಇನ್ನೂ ಅರಗಿಸಿಕೊಳ್ಳುತ್ತಿದ್ದೇನೆ.

ಒಂದು. ಒಳಗೆ ಹುಟ್ಟಿದ ಗಾಳಿಯೆಲ್ಲ ಕೆಳಗಿನಿಂದಲೇ ಹೋಗುವುದಿಲ್ಲ. ಒಂದು ಭಾಗ ಕರುಳಿನ ಗೋಡೆಯಿಂದ ರಕ್ತಕ್ಕೆ ಇಳಿದು, ಶ್ವಾಸಕೋಶಕ್ಕೆ ಹೋಗಿ, ಉಸಿರಿನಲ್ಲಿ ಹೊರಗೆ ಬರುತ್ತದೆ. ಬಾಯಿಂದ ಊದಿಸಿ ಅಳೆಯುವ ಪರೀಕ್ಷೆಯೇ ಇದೆ. ಅಂದರೆ ನಾನು ಮಾತಾಡುವಾಗ, ಹಾಡುವಾಗ, ಬೈಯುವಾಗಲೂ ಅವರ ಉಸಿರು ನನ್ನ ಉಸಿರಿನಲ್ಲಿ ಬೆರೆತಿರುತ್ತದೆ.

ಎರಡು. ಒಂದೇ ಮನೆಯಲ್ಲಿ ಬಹಳ ಕಾಲ ಬಾಳಿದವರ ಹೊಟ್ಟೆಯ ಜೀವಿಗಳು ಒಬ್ಬರಿಂದೊಬ್ಬರಿಗೆ ದಾಟಿರುತ್ತವೆ. ‘ನಿಮ್ಮಿಬ್ಬರಿಗೆ ಇಪ್ಪತ್ತೊಂಬತ್ತು ವರ್ಷ ಅಲ್ವಾ? ಅಲ್ಲಿರೋವು ಇಲ್ಲಿ, ಇಲ್ಲಿರೋವು ಅಲ್ಲಿ ಬೇಕಾದಷ್ಟು ಇರ್ತವೆ’ ಎಂದು ಆಕೆ ಪೆನ್ನಿನಿಂದ ನನ್ನ ಕಡೆಗೊಮ್ಮೆ, ಇವಳ ಕಡೆಗೊಮ್ಮೆ ತೋರಿಸಿದಳು.

ಇವಳು ಕಿವಿಯವರೆಗೂ ಕೆಂಪಾದಳು. ಮದುವೆಯ ದಿನವೂ ಹೀಗಾಗಿರಲಿಲ್ಲ.

ಮಾರ್ಚ್ 13, ಬುಧವಾರ

ಅರ್ಧ ದಿನದ ಕೆಲಸಕ್ಕೆ ಹೋದೆ. ಕೋಲು ಎತ್ತುವಂತಿಲ್ಲ, ಹುಡುಗರು ಹಿಡಿದುಕೊಂಡರು, ನಾನು ಕಿವಿ ಮಾತ್ರ ಕೊಟ್ಟೆ. ಹಳೆಯ ರಸ್ತೆಯಡಿ ಸಣ್ಣ ಸೋರಿಕೆ. ಸಿಕ್ಕಿತು. ಮನೆಗೆ ಬಂದು ಇವಳಿಗೆ ಹೇಳಿದೆ, ಇವಳು ಕ್ಯಾಂಟೀನಿನ ಹೊಸ ಒಲೆಯ ವಿಷಯ ಹೇಳಿದಳು. ಬರ್ನರ್ ನೀಲಿಯಾಗಿ ಉರಿಯುತ್ತಿಲ್ಲವಂತೆ, ಫರ್ ಫರ್ ಎನ್ನುತ್ತದಂತೆ. ಗಾಳಿಯ ತೂತು ಕಟ್ಟಿರಬೇಕೆಂದು ಇಬ್ಬರಿಗೂ ಅನ್ನಿಸಿತು. ಮಾತಾಡುತ್ತಾ ಅಡುಗೆಮನೆಯಲ್ಲಿಯೇ ಒಂದು ಗಂಟೆ ಹೋಯಿತು.

ಮಾರ್ಚ್ 17, ಭಾನುವಾರ

ಕಾಳು ತಿನ್ನಬಹುದೆಂದು ಡಾಕ್ಟರು ಹೇಳಿ ಐದು ದಿನವಾಗಿತ್ತು. ಇವಳು ಮಾಡಲಿಲ್ಲ. ನಾನೇ ನಿನ್ನೆ ಸಂಜೆ ಡಬ್ಬಿ ಇಳಿಸಿ, ಒಂದು ಬಟ್ಟಲು ಕಾಳು ತೊಳೆದು ನೀರಿಗೆ ಹಾಕಿದೆ. ಬೆಳಿಗ್ಗೆ ಎದ್ದಾಗ ಇವಳು ಪಾತ್ರೆಗೆ ಕಿವಿಯಿಟ್ಟು ನಿಂತಿದ್ದಳು. ನಾನೂ ಬಗ್ಗಿದೆ. ಚಿಟ್. ಚಿಟ್. ಎಷ್ಟು ಸಣ್ಣ ಸದ್ದೆಂದರೆ ನಮ್ಮ ಯಂತ್ರಕ್ಕೆ ಸಿಗಲಾರದು.

‘ಇನ್ನೂ ಅರ್ಧ ಗಂಟೆ’ ಎಂದಳು ಇವಳು.

ನನಗೆ ನಾಲ್ಕು ಚಮಚ, ಚೆನ್ನಾಗಿ ಅಗಿಯಬೇಕೆಂಬ ಕರಾರಿನ ಮೇಲೆ. ಇವಳೂ ತಟ್ಟೆ ತುಂಬ ಹಾಕಿಕೊಂಡಳು. ಹತ್ತು ತಿಂಗಳಲ್ಲ, ವರ್ಷವೇ ಆಯಿತಲ್ಲ ಇವಳು ಮನೆಯಲ್ಲಿ ಇದನ್ನು ತಿಂದು. ಮಧ್ಯಾಹ್ನ ಇಬ್ಬರೂ ಚಾಪೆಯ ಮೇಲೆ ಮಲಗಿದೆವು. ಐದು ಗಂಟೆಯ ಹೊತ್ತಿಗೆ ನನ್ನದು ಶುರುವಾಯಿತು: ಬಲ, ಮೇಲೆ, ಅಡ್ಡ, ಎಡ. ಬಂತು. ಯಾವ ನೋವೂ ಇಲ್ಲ. ಗಾಳಿ ಬಂದು ಗಾಳಿಗೆ ಸೇರಿದ ಹಾಗೆ. ಬರೆದುಕೊಂಡೆ.

ಆಮೇಲೆ ಏನನ್ನಿಸಿತೋ, ‘ನಿನ್ನದು ಕೇಳ್ತೀನಿ’ ಎಂದು ಇವಳ ಹೊಟ್ಟೆಯ ಮೇಲೆ ಕಿವಿ ಇಟ್ಟೆ.

‘ಬಿಡ್ರಿ, ಯಾರಾದ್ರೂ ಬಂದ್ರೆ!’

‘ಸ್ವಲ್ಪ ಸುಮ್ನಿರು.’

ನಗು ತಡೆದುಕೊಂಡದ್ದಕ್ಕೆ ಹೊಟ್ಟೆ ಕುಲುಕುತ್ತಿತ್ತು. ಅದು ನಿಂತ ಮೇಲೆ ಕೇಳಿಸಿತು. ಊರಿನ ನೀರಿನ ಲೈನುಗಳೆಲ್ಲ ಕೂಡುವ ಕಡೆ ನಿಂತಂತೆ. ದೂರದಲ್ಲಿ ಒಂದು ಹರಿವು, ಹತ್ತಿರದಲ್ಲಿ ಹನಿ, ನಡುವೆ ಯಾರೋ ಕೋಣೆಯಿಂದ ಕೋಣೆಗೆ ಓಡಾಡುವಂಥ ಸದ್ದು. ಅವುಗಳಲ್ಲಿ ಕೆಲವು ನನ್ನವು. ಕೆಲವು ನನ್ನ ಅವ್ವನವೂ ಇರಬಹುದು, ಯಾರಿಗೆ ಗೊತ್ತು.

ಆಗ ಇವಳದೂ ಬಂತು. ಸಣ್ಣದು. ಸಣ್ಣ ಮಗು ‘ಹ್ಞೂಂ’ ಎಂದ ಹಾಗೆ.

ಇವಳು ಮುಖ ಮುಚ್ಚಿಕೊಂಡಳು. ನಾನು ತಲೆಯೆತ್ತಿ ನೋಡಿದೆ. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷದಲ್ಲಿ ಒಂದು ಸಲವೂ ಕೇಳಿರಲಿಲ್ಲ.

‘ಇಷ್ಟು ವರ್ಷ ಏನ್ ಮಾಡ್ತಿದ್ದೆ?’

ಬೆರಳ ಸಂದಿಯಿಂದಲೇ ಹೇಳಿದಳು, ‘ಎದ್ದು ಹಿತ್ತಿಲಿಗೆ ಹೋಗ್ತಿದ್ದೆ.’

‘ಚಳಿಯಲ್ಲೂ?’

‘ಚಳಿಯಲ್ಲೂ.’

‘ಮಳೆ ಬಂದಾಗ?’

‘ಛತ್ರಿ ಇಲ್ವಾ ಮನೇಲಿ?’ ಎಂದಳು.